ಗೌರಿಬಿದನೂರಿನ ಆಚೆಗೆ ಎರಡು ದಿನ

ಶನಿವಾರ, ಭಾನುವಾರ ಎರಡು ದಿನ ರಜೆ ಸಿಕ್ಕಿದರೆ ಮೊಮ್ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು? ಚಿಕ್ಕಬಳ್ಳಾಪುರ ಜಿಲ್ಲೆಯ ನಾವೆಲ್ಲ ಥಟ್ಟನೆ ನಂದಿ ಬೆಟ್ಟ ಎನ್ನುತ್ತೇವೆ. ಅದನ್ನು ಹತ್ತಾರು ಸಲ ನೋಡಿ ಆಗಿದ್ದರೆ ನನ್ನದೊಂದು ಸಲಹೆ: ಈ ಸಲ ರಾಜ್ಯದ ಗಡಿ ದಾಟಿ. ಗೌರಿಬಿದನೂರಿನಿಂದ ಸುಮಾರು 25 ಕಿಲೋಮೀಟರ್ ಹೋದರೆ ಆಂಧ್ರದ ಹಿಂದೂಪುರ. ಅಲ್ಲಿಂದ ಸುಮಾರು 15 ಕಿಲೋಮೀಟರ್ ಲೇಪಾಕ್ಷಿ.

ಈ ಮಾತು ಎತ್ತಿದಾಗ ನನ್ನ ಮೊಮ್ಮಗಳು, "ಗಡಿ ಅಂದ್ರೆ ಗೋಡೆ ಇರುತ್ತಾ ತಾತ?" ಎಂದು ಕೇಳಿದಳು. ಟಿವಿಯಲ್ಲಿ ಅಮೆರಿಕ ಮತ್ತು ಮೆಕ್ಸಿಕೊ ನಡುವಿನ ಎತ್ತರದ ಬೇಲಿ ನೋಡಿದ್ದಳು. ಸ್ಯಾನ್ ಡಿಯಾಗೊ ಊರಿನ ಅಮೆರಿಕನ್ನರು ಪಕ್ಕದ ಮೆಕ್ಸಿಕೊದ ಟಿಹುವಾನಾಕ್ಕೆ ಹೋಗಿ ಬರಬೇಕೆಂದರೆ ಜೇಬಿನಲ್ಲಿ ಪಾಸ್‌ಪೋರ್ಟ್ ಇರಬೇಕು, ವಾಪಸು ಬರುವಾಗ ಉದ್ದನೆಯ ಸಾಲಿನಲ್ಲಿ ನಿಲ್ಲಬೇಕು. ನಮ್ಮ ಗಡಿಗೆ ಅದೇನೂ ಬೇಡ. ಒಂದು ನೋಟ್ ಪುಸ್ತಕ ಸಾಕು.

ಆ ಪುಸ್ತಕದ ಕೆಲಸ ಇದು. ಬ್ಯಾಂಕಿನಲ್ಲಿ ನಾವು ಜಮಾ, ಖರ್ಚು ಎಂದು ಗೆರೆ ಎಳೆಯುತ್ತಿದ್ದ ಹಾಗೆ ಹಾಳೆಯ ನಡುವೆ ಒಂದು ಗೆರೆ ಎಳೆಯಿರಿ. ಎಡಗಡೆ "ಗಡಿ ದಾಟಿದ ಮೇಲೆ ಬದಲಾದದ್ದು", ಬಲಗಡೆ "ಬದಲಾಗದೆ ಇದ್ದದ್ದು". ಬರೆಯುವುದು ಮಕ್ಕಳು. ಕೇಳಿದ್ದಕ್ಕೆ ಉತ್ತರ ಹೇಳುವುದು ತಾತ, ಅಜ್ಜಿಯರ ಪಾಲು.

ಈಗ ದಾರಿ. ಚಿಂತಾಮಣಿ, ಶಿಡ್ಲಘಟ್ಟದವರು ಶನಿವಾರ ಬೆಳಗ್ಗೆ ಬೇಗ ಹೊರಟು ಚಿಕ್ಕಬಳ್ಳಾಪುರ ಸೇರಿ, ಮಂಚೇನಹಳ್ಳಿ ಮೇಲೆ ಹೋಗುವ ಗೌರಿಬಿದನೂರು ಬಸ್ಸು ಹಿಡಿಯಲಿ. ಅಲ್ಲಿಯವರೆಗೆ ನಮ್ಮ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸಿನಲ್ಲಿ ಅಜ್ಜಿಗೂ ಮೊಮ್ಮಗಳಿಗೂ ಶಕ್ತಿ ಯೋಜನೆಯಲ್ಲಿ ಉಚಿತ. ಆಧಾರ್ ಕಾರ್ಡು ಮರೆಯಬೇಡಿ. ಮುಂದೆ ರೈಲಾಗಲಿ ಆಂಧ್ರದ ಬಸ್ಸಾಗಲಿ, ಟಿಕೆಟ್ ಕೊಳ್ಳಬೇಕು. ಪುಸ್ತಕದ ಎಡಗಡೆ ಇದೇ ಮೊದಲ ಸಾಲು. ರೈಲಿನಲ್ಲಿ 5 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, 12 ವರ್ಷದೊಳಗಿನವರಿಗೆ ಸಾಮಾನ್ಯ ಡಬ್ಬಿಯಲ್ಲಿ ಅರ್ಧ. ಹಿರಿಯರಿಗಿದ್ದ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತುಹೋಯಿತು, ಆದ್ದರಿಂದ ನಮಗೆ ಪೂರ್ತಿ.

ಗಡಿ ದಾಟುವ ಮೊದಲು ವಿದುರಾಶ್ವತ್ಥದಲ್ಲಿ ಇಳಿಯಲೇಬೇಕು. ಗೌರಿಬಿದನೂರಿಗೆ ಆರೇಳು ಕಿಲೋಮೀಟರ್. ಮಹಾಭಾರತದ ವಿದುರ ನೆಟ್ಟನೆಂದು ಜನ ನಂಬುವ ಅಶ್ವತ್ಥ ವೃಕ್ಷದ ಕ್ಷೇತ್ರ ಅದು. ಹಳೆಯ ಮರ 2001ರಲ್ಲಿ ಬಿದ್ದುಹೋಯಿತು. ಸುತ್ತ ಸಾಲುಸಾಲಾಗಿ ನಾಗರಕಲ್ಲುಗಳಿವೆ. 1938ರ ಏಪ್ರಿಲ್ 25ರಂದು ಇಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹಲವರು ಪ್ರಾಣ ಬಿಟ್ಟರು. ದಕ್ಷಿಣದ ಜಲಿಯನ್‌ವಾಲಾ ಬಾಗ್ ಎಂದು ಈ ಊರನ್ನು ಕರೆಯುವುದು ಅದಕ್ಕೇ. ಆಗ ಈ ಕಡೆ ಮೈಸೂರು ಸಂಸ್ಥಾನ, ಆ ಕಡೆ ಬ್ರಿಟಿಷರ ಮದರಾಸು ಪ್ರಾಂತ್ಯ. ವೀರಸೌಧದಲ್ಲಿ ಆ ಕಥೆಯನ್ನು ಮಕ್ಕಳು ತಾವೇ ಓದಲಿ. ನಾವು ಸುಮ್ಮನೆ ಪಕ್ಕದಲ್ಲಿ ನಿಂತರೆ ಸಾಕು.

ಸಂಜೆಗೆ ಹಿಂದೂಪುರ ಸೇರಿ ರಾತ್ರಿ ಅಲ್ಲೇ ಉಳಿಯಿರಿ. ಅಂಗಡಿ ಬೋರ್ಡುಗಳಲ್ಲಿ ಈಗ ತೆಲುಗು ಅಕ್ಷರ. ಹೆದರಬೇಡಿ ಮಕ್ಕಳೇ! ಕನ್ನಡ, ತೆಲುಗು ಲಿಪಿಗಳೆರಡೂ ಒಂದೇ ಹಳೆಯ ಲಿಪಿಯಿಂದ ಬೆಳೆದವು. ತಲೆಕಟ್ಟು ಬೇರೆ. ಕ, ತ ಮೊದಲಾದ ಕೆಲವು ಅಕ್ಷರಗಳು ತೊಡಕು ಮಾಡುತ್ತವೆ. ಗ, ಜ, ನ, ಮ, ಲ ಎಲ್ಲ ಗುರುತು ಸಿಗುತ್ತವೆ. ಯಾರು ಹೆಚ್ಚು ಬೋರ್ಡು ಓದುತ್ತಾರೆಂದು ಪಂದ್ಯ ಕಟ್ಟಿ.

ನಮ್ಮ ಸೀಮೆಯಲ್ಲಿ ಹಿರಿಯರಿಗೆ ಎರಡೂ ಭಾಷೆ ಬರುವ ಮನೆಗಳು ಬೇಕಾದಷ್ಟಿವೆ. ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ ಎಂದು ಬೆಳೆದವರು ನಾವು. ಮೊಮ್ಮಕ್ಕಳಿಗೆ ತೆಲುಗು ಅರ್ಥವಾಗುವುದಿಲ್ಲ, ಕನ್ನಡವನ್ನೂ ತಡವರಿಸಿ ಓದುತ್ತಾರೆ. ಅಜ್ಜಿ ಹೂವಿನವಳ ಜೊತೆ ತೆಲುಗಿನಲ್ಲಿ ಚೌಕಾಸಿ ಮಾಡುವುದನ್ನು ಅವರು ನೋಡಲಿ. ಅಜ್ಜಿಗೆ ಏನೇನು ಬರುತ್ತದೆ ಎಂಬುದು ಮನೆಯಲ್ಲಿ ಕೂತರೆ ಗೊತ್ತಾಗುವುದಿಲ್ಲ.

ಭಾನುವಾರ ಬೆಳಗ್ಗೆ ಏಳಕ್ಕೆಲ್ಲ ಲೇಪಾಕ್ಷಿಗೆ ಹೊರಡಿ. ಹೊತ್ತೇರಿದರೆ ಕಲ್ಲು ಕಾದು ಬರಿಗಾಲು ಸುಡುತ್ತದೆ. ಮಂಡಿ ನೋವಿನವರು ಕಾಲುಚೀಲ ಇಟ್ಟುಕೊಳ್ಳಿ. ಮೊದಲು ಒಂದೇ ಬಂಡೆಯಲ್ಲಿ ಕಡೆದ ದೊಡ್ಡ ನಂದಿ ನೋಡಿ. ಸುಮಾರು 15 ಅಡಿ ಎತ್ತರ, 27 ಅಡಿ ಉದ್ದ. ಆಮೇಲೆ ವೀರಭದ್ರ ದೇವಸ್ಥಾನ. ವಿಜಯನಗರದ ಅಚ್ಯುತದೇವರಾಯನ ಕಾಲದಲ್ಲಿ, 16ನೆಯ ಶತಮಾನದಲ್ಲಿ, ವಿರೂಪಣ್ಣ ಕಟ್ಟಿಸಿದ್ದು. ತೂಗುಕಂಬದ ಕೆಳಗೆ ತೆಳುಬಟ್ಟೆ ತೂರಿಸುವ ಕೆಲಸ ಮಕ್ಕಳದು. ಚಾವಣಿಯ ವರ್ಣಚಿತ್ರ ನೋಡುವಾಗ ತಾತಂದಿರು ಕುತ್ತಿಗೆ ಜೋಪಾನ!

ಅರ್ಧಕ್ಕೇ ನಿಂತ ಕಲ್ಯಾಣ ಮಂಟಪವೂ ಅಲ್ಲಿದೆ. ಅದಕ್ಕೆ ಒಂದು ಐತಿಹ್ಯ. ಖಜಾನೆಯ ಹಣವನ್ನು ಅಪ್ಪಣೆ ಇಲ್ಲದೆ ಗುಡಿಗೆ ಸುರಿದನೆಂದು ದೊರೆ ವಿರೂಪಣ್ಣನ ಕಣ್ಣು ಕೀಳಿಸಲು ಆಜ್ಞೆ ಮಾಡಿದನಂತೆ. ವಿರೂಪಣ್ಣ ತಾನೇ ಕಣ್ಣು ಕಿತ್ತು ಗೋಡೆಗೆ ಎಸೆದನಂತೆ. ಗೋಡೆಯ ಮೇಲಿನ ಕೆಂಪು ಗುರುತುಗಳನ್ನು ಈಗಲೂ ತೋರಿಸುತ್ತಾರೆ. ಮೂವತ್ತು ವರ್ಷ ಇನ್ನೊಬ್ಬರ ಹಣ ಎಣಿಸಿದವನಾದ ನನಗೆ ಆ ಗೋಡೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕೆನಿಸುತ್ತದೆ.

ಊಟಕ್ಕೆ ಹಿಂದೂಪುರಕ್ಕೆ ವಾಪಸು. ನಮ್ಮ ಮುದ್ದೆಯೇ ಅಲ್ಲಿ ಸಂಗಟಿ. ರೇಷ್ಮೆಗೂಡಿನ ಮಾರುಕಟ್ಟೆ ಶಿಡ್ಲಘಟ್ಟದಲ್ಲೂ ಉಂಟು, ಹಿಂದೂಪುರದಲ್ಲೂ ಉಂಟು. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಗೌರಿಬಿದನೂರು ದಾಟಿ ಹಿಂದೂಪುರದ ಕಡೆಗೇ ಹೋಗಿ, ಪೆನ್ನಾ ಎನಿಸಿಕೊಂಡು ನೆಲ್ಲೂರಿನ ಬಳಿ ಸಮುದ್ರ ಸೇರುತ್ತದೆ. ನಮ್ಮ ಕಡೆ ವರ್ಷದ ಬಹುಪಾಲು ಅದರಲ್ಲಿ ಮರಳೇ ಕಾಣುವುದು. ಆ ಮರಳೂ ಎರಡು ಕಡೆ ಒಂದೇ ಬಣ್ಣ. ಇವೆಲ್ಲ ಬಲಗಡೆಯ ಸಾಲುಗಳು.

ನವೆಂಬರ್‌ನಿಂದ ಫೆಬ್ರವರಿಯವರೆಗೆ ಬಿಸಿಲು ಕಡಿಮೆ, ಹೊರಡಲು ಒಳ್ಳೆಯ ಕಾಲ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಮೂರು ದಿನಕ್ಕಾಗುವಷ್ಟು ಇಟ್ಟುಕೊಳ್ಳಿ. ರೈಲಿನ ವೇಳೆಯನ್ನು ಹಿಂದಿನ ದಿನವೇ ವಿಚಾರಿಸಿ. ಮುಂದಿನ ವರ್ಷ ಹೋದರಾಯಿತು ಎಂದು ಮಾತ್ರ ತಳ್ಳಬೇಡಿ. ಮುಂದಿನ ವರ್ಷ ಮಕ್ಕಳಿಗೆ ಟ್ಯೂಷನ್ ಇರುತ್ತದೆ, ನಮ್ಮ ಮಂಡಿ ಏನು ಹೇಳುತ್ತದೋ ಗೊತ್ತಿಲ್ಲ.