ಮನೆಯ ಪೇಟಿ ಮತ್ತು ಮಗುವಿನ ಬೆರಳು

ಮಕ್ಕಳಿಗೆ ವಾದ್ಯವೊಂದನ್ನು ಕಲಿಸಬೇಕೆಂಬ ಅಭಿಲಾಷೆ ವರ್ತಕ ಮನೆತನಗಳಲ್ಲಿಯೂ ಉಂಟು. ಆದರೆ ಪೇಟಿಯನ್ನು ಕೊಂಡು, ಗುರುಗಳಿಗೆ ಶುಲ್ಕ ಸಲ್ಲಿಸಿದೊಡನೆ ತಮ್ಮ ಹೊಣೆ ತೀರಿತೆಂದು ಭಾವಿಸುವ ತಂದೆ-ತಾಯಿಗಳೇ ಬಹಳ. ಆರು ತಿಂಗಳು ಕಳೆಯುವಷ್ಟರಲ್ಲಿ ಖತಾವಣಿಯನ್ನು ತೆರೆದು ಮಗುವಿನಿಂದ ಲಾಭ ಕೇಳುವವರೂ ಇದ್ದಾರೆ.

ಗದಗಿನಲ್ಲಿ ಇದಕ್ಕೆ ಬೇರೆಯೇ ನಿದರ್ಶನಗಳಿವೆ. 1922ರಲ್ಲಿ ಜನಿಸಿದ ಭೀಮಸೇನ ಜೋಶಿಯವರು ಬಾಲ್ಯದಲ್ಲಿ ವಾದ್ಯಮೇಳದ ಮೆರವಣಿಗೆಗಳ ಬೆನ್ನು ಹತ್ತಿ ಹೋಗಿ, ದಣಿದಲ್ಲಿಯೇ ಮಲಗಿಬಿಡುತ್ತಿದ್ದರಂತೆ. ಶಿಕ್ಷಕರಾಗಿದ್ದ ತಂದೆ ಗುರುರಾಜ ಜೋಶಿಯವರು, ಇವನು ಜೋಶಿ ಮಾಸ್ತರರ ಮಗನೆಂದು ಅಂಗಿಯ ಮೇಲೆ ಬರೆದು ಕಳಿಸುತ್ತಿದ್ದ ಸಂಗತಿ ಪ್ರಸಿದ್ಧವಾದುದು. ಹುಡುಗನನ್ನು ಕಟ್ಟಿಹಾಕಲಿಲ್ಲ, ಮರಳಿ ಮನೆ ಸೇರುವ ಉಪಾಯವನ್ನು ಮಾತ್ರ ಮಾಡಿದರು. 1933ರಲ್ಲಿ ಮಗ ಗುರುವನ್ನರಸಿ ಮನೆ ಬಿಟ್ಟಾಗ ಜಾಲಂಧರದವರೆಗೆ ಹೋಗಿ ಕರೆತಂದವರೂ ಅವರೇ. 1936ರಲ್ಲಿ ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯತ್ವ ದೊರೆಯಿತು.

ಪುಟ್ಟರಾಜ ಗವಾಯಿಗಳ ವೃತ್ತಾಂತ ಇನ್ನೂ ಮನನೀಯವಾದುದು. 1914ರಲ್ಲಿ ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ ಹುಟ್ಟಿ, ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡ ಅವರು ಸೋದರಮಾವ ಚಂದ್ರಶೇಖರಯ್ಯನವರ ಆಶ್ರಯದಲ್ಲಿ ಬೆಳೆದರು. ಮಾವ ನುಡಿಸುತ್ತಿದ್ದ ಹಾರ್ಮೋನಿಯಂ ಮೇಲೆ ಬಾಲಕನ ಬೆರಳುಗಳು ತಾವಾಗಿಯೇ ಓಡಾಡಿದವು. ಬೆಲೆಬಾಳುವ ವಸ್ತು ಕೆಟ್ಟೀತೆಂದು ಮಾವ ಅದನ್ನು ಎತ್ತಿಡಬಹುದಾಗಿತ್ತು. ಬದಲಿಗೆ ಕಿವಿಗೊಟ್ಟು ಕೇಳಿದರು. ತಮಗಿಂತ ಬಲ್ಲವರಾದ, ಸ್ವತಃ ಅಂಧರಾದ ಪಂಚಾಕ್ಷರ ಗವಾಯಿಗಳ ಕೈಗೆ ಹುಡುಗನನ್ನು ಒಪ್ಪಿಸಿದರು. 1944ರಲ್ಲಿ ಗುರುಗಳು ಲಿಂಗೈಕ್ಯರಾದ ಬಳಿಕ ಗದಗಿನ ವೀರೇಶ್ವರ ಪುಣ್ಯಾಶ್ರಮದ ಹೊಣೆ ಹೊತ್ತು, 2010ರವರೆಗೆ ಅನಾಥ, ಅಂಧ ಮಕ್ಕಳಿಗೆ ವಿದ್ಯೆ ನೀಡಿದವರು ಆ ಬಾಲಕನೇ.

ಎಲ್ಲ ಮಕ್ಕಳೂ ಗವಾಯಿಗಳಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆರು ವರ್ಷದ ಮಗುವಿಗೆ ಎಡಗೈಯಿಂದ ತಿದಿಯೊತ್ತುತ್ತ ಬಲಗೈಯಿಂದ ಸ್ವರ ಹುಡುಕುವುದು ಕಷ್ಟ. ಮೊದಮೊದಲು ತಂದೆ ಅಥವಾ ತಾಯಿ ಎದುರಿಗೆ ಕುಳಿತು ತಿದಿಯನ್ನೊತ್ತಿಕೊಟ್ಟರೆ ಮಗುವಿನ ಗಮನವೆಲ್ಲ ಬೆರಳುಗಳಲ್ಲಿ ನಿಲ್ಲುತ್ತದೆ. ಅಂಗಡಿಯ ಬಾಗಿಲು ತೆರೆಯುವ ಮುನ್ನ ಹದಿನೈದು ನಿಮಿಷ ಸಾಕು. ಆದರೆ ಅದು ನಿತ್ಯವೂ ನಡೆಯಬೇಕು. ಮುಂಡರಗಿ, ಶಿರಹಟ್ಟಿಗಳಿಂದ ವಾರಕ್ಕೊಮ್ಮೆ ಬಸ್ಸಿನಲ್ಲಿ ಗದಗಿನ ಗುರುಗಳ ಬಳಿ ಬರುವ ಮಗುವಿಗಂತೂ ಉಳಿದ ಆರು ದಿನಗಳ ಅಭ್ಯಾಸವೇ ಆಧಾರ. ಬಂದ ಅತಿಥಿಗಳೆದುರು ಬಲವಂತವಾಗಿ ನುಡಿಸುವಂತೆ ಮಾಡುವುದು ಮಾತ್ರ ಬೇಡ. ಅದು ಹಿರಿಯರ ಮಾನಕಷಾಯವೇ ಹೊರತು ಮಗುವಿನ ವಿದ್ಯೆಯಲ್ಲ.

ತಬಲಾದ ವಿಷಯದಲ್ಲಿ ಜೈನ ಮನೆಗಳಲ್ಲೊಂದು ಸಂಕೋಚವಿದೆ. ಅದರ ಮುಚ್ಚಿಗೆ ಆಡಿನ ಚರ್ಮದ್ದು. ಆ ಕಾರಣದಿಂದ ಬೇಡವೆನಿಸಿದರೆ ಮಗುವಿಗೆ ಆ ಕಾರಣವನ್ನೇ ಹೇಳಬೇಕು. ಕೃತಕ ಮುಚ್ಚಿಗೆಯ ತಬಲಾ ದೊರೆಯುವುದೇ ಎಂದು ವಿಚಾರಿಸಬೇಕು. ಹಾಗೆ ಮಾಡದೆ, ನಿನಗೆ ಲಯಜ್ಞಾನವಿಲ್ಲವೆಂದು ಹೇಳಿ ಹಟ ಬಿಡಿಸುವುದು ಸತ್ಯಾಣುವ್ರತಕ್ಕೆ ಭಂಗ. ಆ ಮಾತನ್ನು ಮಗು ಬಹುಕಾಲ ನಂಬಿಕೊಂಡಿರುತ್ತದೆ.