ಅಂಚಿನಿಂದ ಒಳಕ್ಕೆ

ಕೌದಿಗೆ ಬೇಕಾದದ್ದು ಸವೆದ ಬಟ್ಟೆ. ಇಳಕಲ್ ಸೀರೆ, ಧೋತರ, ಖಣದ ಕುಪ್ಪಸ, ಮಕ್ಕಳ ಅಂಗಿ, ಹೀಗೆ ಉಡಲು ಬಾರದಾದದ್ದೆಲ್ಲ ಪದರದ ಮೇಲೆ ಪದರವಾಗಿ ಕೂತು ಹೊದಿಕೆಯಾಗುತ್ತದೆ. ಕಾಗವಾಡ ತಾಲೂಕಿನ ಮಂಗಸೂಳಿಯಂಥ ಗಡಿ ಊರಿನಲ್ಲಿ ಕನ್ನಡದ ಕೌದಿ, ಮರಾಠಿಯ ಗೋಧಡಿ ಒಂದೇ ಬಿಸಿಲಿಗೆ ಒಣಗುತ್ತವೆ. ಅಲ್ಲಿಯ ಖಂಡೋಬಾ ದೇವರ ಭಂಡಾರದ ಅರಿಸಿನ ಹತ್ತಿದ ಧೋತರದ ತುಂಡೂ ಅವುಗಳೊಳಗೆ ಸೇರಿರಬಹುದು.

ಹಳೆಯ ಬಟ್ಟೆ ಬರೀ ಬಡತನದ ಆಯ್ಕೆಯಲ್ಲ. ಹಲವು ಸಲ ಒಗೆದ ಹತ್ತಿ ಕುಗ್ಗುವಷ್ಟು ಕುಗ್ಗಿ, ಗಂಜಿ ಬಿಟ್ಟು ಮೆತ್ತಗಾಗಿರುತ್ತದೆ. ನಾಲ್ಕೈದು ಪದರ ದಾಟಲು ಸೂಜಿ ತಡವರಿಸುವುದಿಲ್ಲ. ನಡುವೆ ಹೊಸ ಬಟ್ಟೆ ಬಂದರೆ ಮೊದಲ ಒಗೆತಕ್ಕೇ ಅದೊಂದು ಕುಗ್ಗಿ ಅಕ್ಕಪಕ್ಕದ ತುಂಡುಗಳನ್ನೂ ಎಳೆಯುತ್ತದೆ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಸೀಮೆಯ ಸಿದ್ದಿ ಸಮುದಾಯದ ಮಹಿಳೆಯರ ಕವಂದಿ ಇದೇ ಬಳಗದ್ದು. ಅದರ ಹೊಲಿಗೆ ಒಂದು ಮೂಲೆಯಲ್ಲಿ ಶುರುವಾಗಿ, ಅಂಚಿನಗುಂಟ ಸುತ್ತು ಹಾಕುತ್ತ ನಡುವಿಗೆ ಬಂದು ಮುಗಿಯುತ್ತದೆ. ಕೊನೆಗೆ ಮೂಲೆಗಳಿಗೆ ಮಡಿಸಿದ ತ್ರಿಕೋನದ ಫುಲಾ ಕೂರಬೇಕು. ಅದಿಲ್ಲದ ಕವಂದಿ ಅವರ ಕಣ್ಣಿಗೆ ಬತ್ತಲೆ.

ಈ ಅಂಚಿನ ಆರಂಭವೇ ಪೇಟೆಯ ಕ್ವಿಲ್ಟ್ ಕಲಿಸುವವರಿಗೆ ತಪ್ಪಾಗಿ ಕಾಣುತ್ತದೆ. ನಡುವಿನಿಂದ ಹೊರಕ್ಕೆ ಹೊಲಿಯಬೇಕು, ಇಲ್ಲದಿದ್ದರೆ ಸುಕ್ಕು ನಡುವಿಗೆ ಸೇರುತ್ತದೆ ಎಂಬುದು ಅವರ ಪಾಠ. ಮೇಲಿನ ಹಾಸನ್ನು ಮೊದಲೇ ಪೂರ್ತಿ ಜೋಡಿಸಿ, ಆಮೇಲೆ ಪದರಗಳನ್ನು ಹೊಲಿಯುವ ಪದ್ಧತಿಗೆ ಆ ಪಾಠ ಸರಿ. ಕವಂದಿಯಲ್ಲಿ ಜೋಡಣೆ ಬೇರೆ, ಹೊಲಿಗೆ ಬೇರೆ ಎಂಬುದೇ ಇಲ್ಲ. ಒಂದು ತುಂಡು ಇಟ್ಟು, ಅಂಚು ಮಡಿಸಿ, ತಳಕ್ಕೆ ಹೊಲಿದ ಮೇಲೇ ಪಕ್ಕದ ತುಂಡು ಬರುತ್ತದೆ. ಸಡಿಲ ಉಳಿದರೆ ಮುಂದಿನ ತುಂಡಿನ ಮಡಿಕೆ ಅದನ್ನು ನುಂಗುತ್ತದೆ. ಇಷ್ಟು ಸರಳವಾದ ಲೆಕ್ಕ ಕೈಯಲ್ಲಿ ಸೂಜಿ ಹಿಡಿದವರಿಗೂ ತಿಳಿಯದಿರುವುದು ಸಹಿಸಲಾಗದ ಮಾತು. ಹೊಲಿಗೆ ಎಳೆದಲ್ಲಿ ಏಳುವ ಸಣ್ಣ ನಿರಿಗೆಯನ್ನು ದೋಷವೆಂದು ಇಸ್ತ್ರಿ ಮಾಡಿ ಮಾರುವುದು, ಹೊಸ ಥಾನು ಕತ್ತರಿಸಿ ಯಂತ್ರದಲ್ಲಿ ಗೆರೆ ಎಳೆದು ಅದಕ್ಕೆ ಪಾರಂಪರಿಕ ಕೌದಿಯ ಚೀಟಿ ಅಂಟಿಸುವುದು ಇನ್ನೂ ಕೆಟ್ಟದ್ದು. ಆ ನಿರಿಗೆಗಳೇ ಪದರಗಳ ನಡುವೆ ಗಾಳಿ ಹಿಡಿದಿಟ್ಟು ಬೆಚ್ಚಗಿಡುತ್ತವೆ.

ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಸಿದ್ದಿ ಕವಂದಿಗಳನ್ನು ದಾಖಲಿಸಿದರು. ಕಲಾವಿದೆ ಅನಿತಾ ಎನ್. ರೆಡ್ಡಿ ಆ ಮಹಿಳೆಯರ ಜೊತೆ ಕೆಲಸ ಮಾಡಿ ಕವಂದಿಯನ್ನು ಸಮಕಾಲೀನ ಕಲೆಯ ಗ್ಯಾಲರಿಗಳಿಗೆ ತಂದರು. ಅಮೆರಿಕದ ಅಲಬಾಮಾದ ಜೀಸ್ ಬೆಂಡ್ ಹಳ್ಳಿಯ ಕಪ್ಪು ಮಹಿಳೆಯರು ಹಳೆಯ ಕೆಲಸದ ಬಟ್ಟೆಯಿಂದ ಹೊಲಿದ ಹೊದಿಕೆಗಳು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯಕ್ಕೆ ಬಂದಾಗ ಹೊಲಿದವರ ಹೆಸರುಗಳೂ ಜೊತೆಗೆ ಬಂದವು. ಕೌದಿಗೂ ಅಷ್ಟು ಸಲ್ಲಬೇಕು.

ಗೋಡೆಗೆ ಒತ್ತಿ ತೂಗಿದ ಕವಂದಿ ಅರ್ಧವೇ ಕಾಣುತ್ತದೆ. ಮುಂದೆ ಬಣ್ಣದ ತುಂಡುಗಳು ಕಣ್ಣು ಸೆಳೆಯುತ್ತವೆ. ಹೊಲಿಗೆ ಯಾವ ಮೂಲೆಯಿಂದ ಹೊರಟು ಹೇಗೆ ತಿರುಗಿ ನಡುವಿಗೆ ಬಂತು ಎಂಬುದು ಹಿಂಬದಿಯಲ್ಲೇ ಸ್ಪಷ್ಟ. ಗೋಡೆಯಿಂದ ಮೊಳ ದೂರ ಬಿಟ್ಟು ತೂಗಿದರೆ ನೋಡುವವರು ಅದರ ಹಿಂದಕ್ಕೂ ಹೋಗಿ ಬರಬಹುದು.