ನಿಮ್ಮ ವಿಶ್ವಾಸಿ

ಪತ್ರದ ಕೊನೆಯ ಮಾತನ್ನು ಓದುವವರು ಗಮನವಿಟ್ಟು ಓದುವುದಿಲ್ಲ. ಬರೆಯುವವರೂ ಗಮನವಿಟ್ಟು ಬರೆಯುವುದಿಲ್ಲ. ಇಂಗ್ಲಿಷ್ ಪತ್ರಗಳ ಕೊನೆಯಲ್ಲಿ ಬರುವ ‘ಯುವರ್ಸ್ ಫೇತ್‌ಫುಲಿ’ ಅಂತಹ ಮಾತು. ರೂಢಿಯಿಂದ ಕೈ ಅದನ್ನು ಬರೆದುಬಿಡುತ್ತದೆ. ಮನಸ್ಸು ಅದರ ಅರ್ಥವನ್ನು ಕೇಳುವುದಿಲ್ಲ.

ಮೈಸೂರಿನ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬನಿದ್ದನು. ಅವನ ತಂದೆಗೆ ದೇವರಾಜ ಮಾರುಕಟ್ಟೆಯಲ್ಲಿ ಹೂವಿನ ವ್ಯಾಪಾರ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಹುಡುಗ ಶಾಲೆಗೆ ಬರಲಿಲ್ಲ. ಹಬ್ಬ ಕಳೆದ ಮೇಲೆ ಇಂಗ್ಲಿಷಿನಲ್ಲಿ ಬರೆದ ರಜೆಯ ಅರ್ಜಿಯೊಂದನ್ನು ತಂದುಕೊಟ್ಟನು. ಜ್ವರ ಬಂದಿತ್ತೆಂದು ಅದರಲ್ಲಿ ಬರೆದಿತ್ತು. ಕೊನೆಯಲ್ಲಿ, ‘ಯುವರ್ಸ್’ ಎಂಬ ಪದದ ‘ಎಸ್’ ಅಕ್ಷರದ ಹಿಂದೆ, ಅಪಾಸ್ಟ್ರಫಿ ಎಂಬ ಪುಟ್ಟ ಚಿಹ್ನೆ ಕುಳಿತಿತ್ತು. ಉಪಾಧ್ಯಾಯರು ಕೆಂಪು ಶಾಯಿಯಿಂದ ಅದನ್ನು ಹೊಡೆದುಹಾಕಿದರು.

“ಸಾರ್, ‘ರಾಮನ ಪುಸ್ತಕ’ ಎನ್ನುವಾಗ ಈ ಚಿಹ್ನೆ ಬೇಕೆಂದು ತಾವೇ ಕಲಿಸಿದ್ದಿರಿ. ಇಲ್ಲೇಕೆ ಬೇಡ?” ಎಂದನು ಹುಡುಗ.

“ಒಳ್ಳೆಯ ಪ್ರಶ್ನೆ ಕೇಳಿದೆ. ಕುವೆಂಪು ಅವರು ಇದೇ ಊರಿನ ಪ್ರೌಢಶಾಲೆಯಲ್ಲಿ ಓದುತ್ತಿದ್ದಾಗ, 1922ರಲ್ಲಿ, ಅವರ ಇಂಗ್ಲಿಷ್ ಕವಿತೆಗಳ ಪುಸ್ತಕ ಅಚ್ಚಾಯಿತು. ಅದರ ಹೆಸರು ‘ಬಿಗಿನರ್ಸ್ ಮ್ಯೂಸ್’. ‘ಬಿಗಿನರ್’ ನಾಮಪದ. ಷಷ್ಠೀ ವಿಭಕ್ತಿಯ ಅರ್ಥ ಬರಲು ಅಲ್ಲಿ ಚಿಹ್ನೆ ಬೇಕು. ‘ಯುವರ್ಸ್’ ಆದರೋ ಸರ್ವನಾಮ. ಪತ್ರದಲ್ಲಿ ‘ನಿಮ್ಮವನು’ ಎಂದು ಅದರ ಅರ್ಥ. ಸಂಬಂಧ ಆ ಪದದೊಳಗೇ ಅಡಗಿದೆ. ಕನ್ನಡದ ‘ನಿಮ್ಮ’ ಎಂಬುದಕ್ಕೆ ಮತ್ತೊಮ್ಮೆ ಷಷ್ಠೀ ಪ್ರತ್ಯಯವನ್ನು ಹಚ್ಚುವುದುಂಟೆ? ‘ಅವರ್ಸ್’, ‘ಹರ್ಸ್’ ಎಂಬ ಪದಗಳಿಗೂ ಇದೇ ನಿಯಮ. ತಪ್ಪಿಗೆ ನಾಚಬೇಡ. ಸುಮಾರು 200 ವರ್ಷಗಳ ಹಿಂದೆ ಇಂಗ್ಲಿಷಿನ ಹಿರಿಯ ಕಾದಂಬರಿಕಾರ್ತಿ ಜೇನ್ ಆಸ್ಟೆನ್ ಅವರ ಬರಹದಲ್ಲಿಯೂ ಈ ಚಿಹ್ನೆ ಇಂತಹ ಕಡೆ ಕಾಣಿಸಿಕೊಂಡಿದೆ. ಈಗ ಅದು ತಪ್ಪು.”

ಅನಂತರ ಅವರು ಮತ್ತೊಂದು ಮಾತನ್ನೂ ತಿಳಿಸಿದರು. ಹೆಸರು ಹಿಡಿಯದೆ ‘ಮಾನ್ಯರೇ’ ಎಂದು ಆರಂಭಿಸಿದ ಪತ್ರಕ್ಕೆ ‘ಯುವರ್ಸ್ ಫೇತ್‌ಫುಲಿ’ ಒಪ್ಪುತ್ತದೆ. ಹೆಸರು ಹಿಡಿದು ಆರಂಭಿಸಿದ ಪತ್ರಕ್ಕೆ ‘ಯುವರ್ಸ್ ಸಿನ್ಸಿಯರ್ಲಿ’ ವಾಡಿಕೆ.

“ಫೇತ್‌ಫುಲಿ ಎಂದರೇನು, ಸಾರ್?”

“ನಂಬಿಕೆಗೆ ಎರಡು ಬಗೆಯದೆ ಎಂದರ್ಥ. ನಾವು ಕನ್ನಡದಲ್ಲಿ ‘ಇಂತಿ ತಮ್ಮ ವಿಶ್ವಾಸಿ’ ಎಂದು ಬರೆಯುವುದಿಲ್ಲವೆ? ಮೇಲೆ ಬರೆದುದಕ್ಕೆಲ್ಲ ಕೆಳಗಿನ ಆ ಮಾತೇ ಸಾಕ್ಷಿ.”

ಹುಡುಗ ಅರ್ಜಿಯನ್ನೇ ನೋಡುತ್ತ ನಿಂತನು. ಹೂ ಕಟ್ಟಿದ ದಾರದ ಗೆರೆಗಳು ಅವನ ಬೆರಳುಗಳಲ್ಲಿ ಇನ್ನೂ ಮಾಸಿರಲಿಲ್ಲ. ಉಪಾಧ್ಯಾಯರು ಅವನ್ನು ಕಂಡರು. ಆದರೆ ಏನನ್ನೂ ಕೇಳಲಿಲ್ಲ. ಅರ್ಜಿಯನ್ನು ಅವನ ಕೈಗೇ ಹಿಂದಿರುಗಿಸಿದರು.

ಮರುದಿನ ಹೊಸ ಅರ್ಜಿ ಬಂದಿತು. ಅದರಲ್ಲಿ ಆ ಚಿಹ್ನೆ ಇರಲಿಲ್ಲ, ಜ್ವರವೂ ಇರಲಿಲ್ಲ. ಹಬ್ಬದ ವ್ಯಾಪಾರಕ್ಕಾಗಿ ತಂದೆಯೊಡನೆ ಕುಳಿತು ಹೂ ಕಟ್ಟುತ್ತಿದ್ದೆನೆಂದು ಹುಡುಗ ಸ್ವಂತ ವಾಕ್ಯದಲ್ಲಿ ಬರೆದಿದ್ದನು. ಆ ವಾಕ್ಯದಲ್ಲಿ ಎರಡು ತಪ್ಪುಗಳಿದ್ದವು. ಉಪಾಧ್ಯಾಯರು ಅವನ್ನು ತಿದ್ದಿ, ರಜೆಯನ್ನು ಮಂಜೂರು ಮಾಡಿದರು.